ಬಣ್ಣ ಆಮೇಲೆ, ಬ್ರೇಕ್ ಮೊದಲು

ಮಾನ್ಯ ಸಂಪಾದಕರೆ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆಯ ಮಿಲಿಟರಿ ಜೀಪುಗಳನ್ನು ರಿಪೇರಿ ಮಾಡಿ ಇಟ್ಟುಕೊಳ್ಳುವವರ ಬಗ್ಗೆ ಬಂದ ಚಿತ್ರಲೇಖನ ನೋಡಿದೆ. ಫೋಟೊಗಳು ಚೆನ್ನಾಗಿದ್ದವು. ಮಾಸಲು ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಪಕ್ಕದಲ್ಲಿ ಪಟ್ಟಿ ಬಿಗಿದು ಕಟ್ಟಿದ ಸಲಿಕೆ, ಕೊಡಲಿ. ನೋಡಿ ಖುಷಿಯಾಯಿತು. ಆದರೆ ಪೂರ್ತಿ ಓದಿದ ಮೇಲೆ ಒಂದು ಕಿರಿಕಿರಿ ಉಳಿಯಿತು. ಹಸಿರಿನ ಛಾಯೆ ಯಾವುದಿರಬೇಕು, ನಕ್ಷತ್ರ ಎಷ್ಟು ದೊಡ್ಡದಿರಬೇಕು, ಮೇಲಿನ ಕ್ಯಾನ್ವಾಸ್ ಎಂಥದ್ದಿರಬೇಕು ಅಂತೆಲ್ಲ ಬರೆದಿದ್ದೀರಿ. ಬ್ರೇಕ್ ಎಂಬ ಮಾತು ಒಂದು ಸಲವೂ ಬರಲಿಲ್ಲ.

ನಾನು ಟರ್ನರ್, ಲೇತ್ ಯಂತ್ರದಲ್ಲಿ ಲೋಹ ಕಡೆಯುವವನು. ಕೆಲಸದಿಂದ ನಿವೃತ್ತನಾದರೂ ಲೇತ್ ಬಿಟ್ಟಿಲ್ಲ. ಶೆಡ್ಡಿನಲ್ಲಿ ನನ್ನದೂ ಒಂದು ಹಳೆ ಜೀಪು ಇದೆ, ಫೋರ್ಡ್ ಕಂಪನಿ 1944ರಲ್ಲಿ ಮಾಡಿದ್ದು. ಈ ಹವ್ಯಾಸಕ್ಕೆ ಹೊಸದಾಗಿ ಬರುವ ಹುಡುಗರು ಹೆಚ್ಚಾಗಿ ಫೋಟೊ ನೋಡಿಯೇ ಬರುತ್ತಾರೆ. ಬಂದವರು ಮೊದಲು ಪೇಂಟ್ ಡಬ್ಬಿ ಕೊಳ್ಳುತ್ತಾರೆ. ಆ ಕ್ರಮ ತಿರುಗಾಮುರುಗಾ ಎಂದು ಹೇಳುವುದಕ್ಕೇ ಈ ಪತ್ರ.

ಜೀಪು ಹುಟ್ಟಿದ ಕಥೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. 1940ರ ಜುಲೈನಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು ಒಂದು ಹಗುರ ಗಾಡಿ ಬೇಕು ಎಂದಿತು. ನಾಲ್ಕೂ ಚಕ್ರ ಎಳೆಯಬೇಕು, ಮೊದಲ ಗಾಡಿ 49 ದಿನದಲ್ಲಿ ತಯಾರಾಗಬೇಕು. ಹಾಗೆ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಎರಡೇ ದಿನದಲ್ಲಿ ನಕ್ಷೆ ಎಳೆದ. ಸೆಪ್ಟೆಂಬರ್ 23ಕ್ಕೆ, ಗಡುವು ಮುಗಿಯುವ ದಿನವೇ, ಗಾಡಿ ಹಾಲಬರ್ಡ್ ಸೈನಿಕ ಶಿಬಿರದ ಬಾಗಿಲಿಗೆ ಬಂತು. ಆದರೆ ದೊಡ್ಡ ಆರ್ಡರ್ ಮಾತ್ರ ವಿಲ್ಲಿಸ್ ಮತ್ತು ಫೋರ್ಡ್ ಪಾಲಾಯಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಬ್ಯಾಂಟಮ್ ಮಾಡಿದ್ದು 3 ಸಾವಿರಕ್ಕಿಂತ ಕಡಿಮೆ. ಆಮೇಲೆ ಅದಕ್ಕೆ ಜೀಪಿನ ಹಿಂದೆ ಕಟ್ಟುವ ಟ್ರೇಲರ್ ಮಾಡುವ ಕೆಲಸ ಸಿಕ್ಕಿತು. ಈ ಅನ್ಯಾಯ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಇರಲಿ.

ವಿಲ್ಲಿಸ್ ಮತ್ತು ಫೋರ್ಡ್ ಗಾಡಿಗಳ ಬಿಡಿಭಾಗ ಒಂದಕ್ಕೊಂದು ಕೂರಲೇಬೇಕು ಎನ್ನುವುದು ಸೈನ್ಯದ ಷರತ್ತು. ಯುದ್ಧಭೂಮಿಯಲ್ಲಿ ಕೆಟ್ಟು ನಿಂತ ಎರಡು ಗಾಡಿ ಬಿಚ್ಚಿ ಒಂದನ್ನು ಓಡಿಸಲು ಆಗಬೇಕಲ್ವಾ? ಹಾಗಾಗಿ ಹೊರಗಿನಿಂದ ನೋಡಿದರೆ ಯಾವುದು ಯಾರದು ಎಂದು ಬೇಗ ಗೊತ್ತಾಗುವುದಿಲ್ಲ. ಬಗ್ಗಿ ನೋಡಬೇಕು. ರೇಡಿಯೇಟರ್ ಕೆಳಗಿನ ಚಾಸಿಯ ಅಡ್ಡಪಟ್ಟಿ ಕೊಳವೆಯಂತೆ ದುಂಡಗಿದ್ದರೆ ವಿಲ್ಲಿಸ್, ಚೌಕವಾಗಿದ್ದರೆ ಫೋರ್ಡ್. ಫೋರ್ಡಿನವರು ಬೋಲ್ಟಿನ ತಲೆಯ ಮೇಲೂ ಪುಟ್ಟದಾಗಿ ತಮ್ಮ ಹೆಸರಿನ ಮೊದಲ ಅಕ್ಷರ ಒತ್ತಿದ್ದಾರೆ. ನನ್ನ ಗಾಡಿಯ ಚಾಸಿ ಫೋರ್ಡಿನದು, ಇಂಜಿನ್ ವಿಲ್ಲಿಸ್‌ದು. ಯಾವುದೋ ಡಿಪೋದಲ್ಲಿ ಬದಲಾಗಿದೆ. ಶುದ್ಧ ಫೋರ್ಡ್ ಮಾಡಿಬಿಡು ಎಂದು ಗೆಳೆಯರು ಒತ್ತಾಯಿಸುತ್ತಾರೆ. ನಾನು ಒಪ್ಪುವುದಿಲ್ಲ. ಸೈನ್ಯವೇ ಮಾಡಿದ ಬದಲಾವಣೆಯನ್ನು ತಪ್ಪು ಎನ್ನಲು ನಾನು ಯಾರು?

ಈಗ ಬ್ರೇಕಿಗೆ ಬರೋಣ.

ಜೀಪಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಶೂ ಎಂಬ ಪಟ್ಟಿ ಒತ್ತಿ ಹಿಡಿಯುತ್ತದೆ. ಡ್ರಮ್ಮಿನ ವ್ಯಾಸ 9 ಇಂಚು. ನಾಲ್ಕಕ್ಕೂ ಸೇರಿ ಒಂದೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು), ಆಯಿಲ್ ಹೋಗಲು ಒಂದೇ ಲೈನ್. ಈಗಿನ ಕಾರುಗಳಲ್ಲಿ ಲೈನ್ ಎರಡು ಪಾಲಾಗಿರುತ್ತದೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಹಳೆ ಜೀಪಿನಲ್ಲಿ ಎಲ್ಲಾದರೂ ಒಂದು ಕಡೆ ಪೈಪ್ ಒಡೆಯಿತು ಅಂದರೆ ಪೆಡಲ್ ಸೀದಾ ನೆಲ ಮುಟ್ಟುತ್ತದೆ, ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಆಮೇಲೆ ಉಳಿಯುವುದು ಹ್ಯಾಂಡ್ ಬ್ರೇಕ್. ಅದು ಚಕ್ರಗಳ ಮೇಲೆ ಇಲ್ಲ. ಗೇರ್ ಬಾಕ್ಸಿನ ಹಿಂದೆ, ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟಿನ ಬುಡದಲ್ಲಿರುವ ಡ್ರಮ್ಮನ್ನು ಹಿಡಿಯುತ್ತದೆ. ನಿಂತ ಗಾಡಿ ಜಾರದಂತೆ ತಡೆಯಲು ಅದು ಸಾಕು. ಇಳಿಜಾರಿನಲ್ಲಿ ಓಡುವ ಗಾಡಿ ನಿಲ್ಲಿಸಲು ಅದನ್ನು ನಂಬಬೇಡಿ.

ಪೈಪ್ ಹೊರಗಡೆ ಎಷ್ಟೇ ಚೆನ್ನಾಗಿ ಕಂಡರೂ ನಂಬುವ ಹಾಗಿಲ್ಲ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ಪೈಪನ್ನು ಒಳಗಿನಿಂದ ತಿನ್ನುತ್ತದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಅದಕ್ಕಿರುವ ಮಿತಿ 140 ಡಿಗ್ರಿ. ಆಯಿಲ್ ಕುದಿದರೆ ಲೈನಿನಲ್ಲಿ ಆವಿ ತುಂಬುತ್ತದೆ. ಆವಿ ಒತ್ತಿದರೆ ಕುಗ್ಗುತ್ತದೆ, ಚಕ್ರ ಹಿಡಿಯುವುದಿಲ್ಲ. ರಬ್ಬರ್ ಹೋಸುಗಳದ್ದು ಇನ್ನೊಂದು ಆಟ. ಅವು ಒಳಗಡೆ ಊದಿಕೊಂಡು ದಾರಿ ಮುಚ್ಚುತ್ತವೆ. ಪೆಡಲ್ ಒತ್ತಿದಾಗ ಆಯಿಲ್ ಆಚೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಲೇ ಇರುತ್ತದೆ. ಡ್ರೈವರಿಗೆ ಗಾಡಿ ಏಕೋ ಎಳೆಯುತ್ತಿಲ್ಲ ಅನಿಸುತ್ತದೆ, ಅಷ್ಟೇ.

ಹಾಗಾಗಿ ಹಳೆ ಪೈಪ್, ಹೋಸ್, ರಬ್ಬರ್ ಕಪ್ ಎಲ್ಲ ಕಿತ್ತು ಹೊಸದು ಹಾಕಿ. ಇದರಲ್ಲಿ ಜಿಪುಣತನ ಬೇಡ. ಚಕ್ರದ ಬಳಿ ಶೂ ತಳ್ಳುವ ವೀಲ್ ಸಿಲಿಂಡರ್ ಒಳಗೆ ತುಕ್ಕು ಗುಳಿ ಬಿದ್ದಿದ್ದರೆ ಸುಮ್ನೆ ಎಮರಿ ಕಾಗದ ಉಜ್ಜಿ ಹೊಳಪು ಬರಿಸಿದರೆ ಆಗದು. ಗುಳಿ ಹಾಗೇ ಉಳಿದು ಹೊಸ ರಬ್ಬರನ್ನು ಹರಿಯುತ್ತದೆ. ನಾನು ಸಿಲಿಂಡರನ್ನು ಬೋರ್ ಮಾಡಿ ಅಗಲಿಸಿ, ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ (ತೆಳು ಕೊಳವೆ) ಕೂರಿಸಿ, ಮತ್ತೆ ಮೊದಲಿನ ಅಳತೆಗೆ ತರುತ್ತೇನೆ. ಹೊಟ್ಟೆಪಾಡಿಗೆ ಕಲಿತ ಕೆಲಸ ಇಲ್ಲಿ ಕೈಹಿಡಿಯಿತು. ಲೇತ್ ಇಲ್ಲದವರು ಕೈ ಪಳಗಿದ ಟರ್ನರ್ ಒಬ್ಬನನ್ನು ಸ್ನೇಹ ಮಾಡಿಕೊಳ್ಳಿ. ಈ ಹವ್ಯಾಸಕ್ಕೆ ಪೇಂಟರ್‌ಗಿಂತ ಅವನು ಜಾಸ್ತಿ ಬೇಕಾಗುತ್ತಾನೆ.

ಡ್ರಮ್ ಬಿಚ್ಚಿದಾಗ ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಬ್ರೇಕ್ ಲೈನರುಗಳಲ್ಲಿ, ಅಂದರೆ ಶೂ ಮೇಲಿನ ಉಜ್ಜುವ ಪದರದಲ್ಲಿ, ಆಸ್ಬೆಸ್ಟಾಸ್ ಎಂಬ ಖನಿಜದ ನಾರು ಇರುತ್ತದೆ. ಒಳಗೆಳೆದ ನಾರು ಶ್ವಾಸಕೋಶ ಬಿಟ್ಟು ಹೋಗುವುದಿಲ್ಲ, ಕ್ಯಾನ್ಸರ್ ತರಬಲ್ಲದು. ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ, ಕರವಸ್ತ್ರ ಸಾಲದು.

ಕೊನೆಗೆ ಲೈನಿನಲ್ಲಿ ಸಿಕ್ಕಿದ ಗಾಳಿ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು ಮಾಡಬೇಕು. ಇದಕ್ಕೆ ಇಬ್ಬರು ಬೇಕು. ನಮ್ಮಲ್ಲಿ ಪೆಡಲ್ ಮೇಲೆ ಮಗಳು, ಚಕ್ರದ ಹತ್ತಿರ ನಾನು. ‘ಒತ್ತು’, ‘ಹಿಡ್ಕೊ’, ‘ಬಿಡು’ ಎಂದು ನಾನು ಕೂಗಬೇಕು. ‘ಅಪ್ಪಾ, ಈಗ ಕಲ್ಲಿನ ಹಾಗಿದೆ’ ಎಂದು ಅವಳು ಹೇಳುವವರೆಗೂ ಬಿಡುವುದಿಲ್ಲ. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ನೀರು ಹೀರುವುದಿಲ್ಲ. ಜಾಸ್ತಿ ಹೊತ್ತು ನಿಂತೇ ಇರುವ ಗಾಡಿಗೆ ಅದು ಒಳ್ಳೆಯದು. ಆದರೆ ಹಳೆ ಆಯಿಲ್ ಜೊತೆ ಅದನ್ನು ಬೆರೆಸಬಾರದು. ಡಾಟ್ 5.1 ಎಂದು ಇನ್ನೊಂದಿದೆ, ಅದು ಸಿಲಿಕೋನ್ ಅಲ್ಲ. ಡಬ್ಬಿಯ ಮೇಲಿನ ಆ ಒಂದು ಚುಕ್ಕೆ ನೋಡಿ ಕೊಳ್ಳಿ.

ಜೀಪಿಗೆ ಸೈನ್ಯ ಬರೆಸಿದ ಕೈಪಿಡಿ 1944ರ ಫೆಬ್ರುವರಿಯದು. ಟಿಎಂ 9-803 ಎನ್ನುತ್ತಾರೆ. ಮರುಮುದ್ರಣ ಈಗಲೂ ಸಿಗುತ್ತದೆ. ಹೊರಡುವ ಮೊದಲು ಏನು ನೋಡಬೇಕು, ಓಡುವಾಗ ಏನು ಗಮನಿಸಬೇಕು, ದಾರಿಯಲ್ಲಿ ನಿಂತಾಗ ಏನು ಮಾಡಬೇಕು, ಬಂದ ಮೇಲೆ ಏನು ಎಂದು ನಾಲ್ಕು ಪಾಲು ಮಾಡಿದ್ದಾರೆ. ದಾರಿಯಲ್ಲಿ ನಿಂತಾಗ ಡ್ರೈವರ್ ಇಳಿದು ಪ್ರತಿ ಚಕ್ರದ ಹಬ್ (ನಡುಭಾಗ) ಮತ್ತು ಡ್ರಮ್ಮನ್ನು ಹುಷಾರಾಗಿ ಕೈಯಿಂದ ಮುಟ್ಟಿ ನೋಡಬೇಕು. ಬಿಸಿ ಯಾವುದಕ್ಕೆ ಜಾಸ್ತಿಯೋ ಅಲ್ಲಿ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಒಣಗಿದೆ. ಯಾವ ಮೀಟರೂ ಬೇಡ. ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಬರೆದ ಪುಸ್ತಕ ಅದು. ಅಷ್ಟು ಸರಳವಾಗಿ ಬರೆದ ತಾಂತ್ರಿಕ ಪುಸ್ತಕವನ್ನು ನಾನು ಇನ್ನೊಂದು ಓದಿಲ್ಲ. ನಾನೂ ಗಾಡಿ ನಿಲ್ಲಿಸಿದಾಗಲೆಲ್ಲ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಡ್ರಮ್ ಮುಟ್ಟುತ್ತೇನೆ. ನೋಡುವವರು ಏನೋ ಪೂಜೆ ಎಂದುಕೊಂಡಿರಬಹುದು.

ಇನ್ನು ಚಕ್ರ. ಇದನ್ನು ದಯವಿಟ್ಟು ಎಲ್ಲರೂ ಓದಿ. ಯುದ್ಧಕಾಲದ ಜೀಪುಗಳಲ್ಲಿ ತುಂಬಾ ಗಾಡಿಗಳ ರಿಮ್ ಎರಡು ತುಂಡಿನದು. ಎರಡೂ ತುಂಡನ್ನು ಎಂಟು ನಟ್ಟು ಹಿಡಿದಿರುತ್ತವೆ. ಚಕ್ರವನ್ನು ಗಾಡಿಗೆ ಹಿಡಿದಿರುವುದು ನಡುವಿನ ಬೇರೆ ಐದು ನಟ್ಟು. ಚಕ್ರ ಬಿಚ್ಚಲು ಹೋಗಿ, ಟ್ಯೂಬಿನಲ್ಲಿ ಗಾಳಿ ಇರುವಾಗ ಆ ಎಂಟು ನಟ್ಟು ಸಡಿಲಿಸಿದರೆ ರಿಮ್ಮಿನ ತುಂಡು ಗುಂಡಿನಂತೆ ಸಿಡಿಯುತ್ತದೆ. ಪ್ರಾಣ ಹೋಗುತ್ತದೆ. ಹೀಗೆ ಸತ್ತವರಿದ್ದಾರೆ, ಇದು ಉತ್ಪ್ರೇಕ್ಷೆ ಅಲ್ಲ. ಒಮ್ಮೆ ಪಂಕ್ಚರ್ ಹಾಕುವ ಹುಡುಗನೊಬ್ಬ ನನ್ನ ಎದುರಿಗೇ ಆ ಎಂಟರಲ್ಲಿ ಒಂದಕ್ಕೆ ಸ್ಪ್ಯಾನರ್ ಕೊಟ್ಟಿದ್ದ. ಕೈ ಹಿಡಿದು ಎಳೆದೆ. ಅವನಿಗೆ ಗೊತ್ತಿರಲಿಲ್ಲ, ಅವನು ನೋಡಿದ ಯಾವ ಚಕ್ರವೂ ಹಾಗಿರಲಿಲ್ಲ. ನಾನು ಆ ಎಂಟಕ್ಕೂ ಕೆಂಪು ಬಣ್ಣ ಬಳಿದಿದ್ದೇನೆ. ಅಸಲಿ ಜೀಪಿನಲ್ಲಿ ಹೀಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ಹೇಳಲಿ. ಅವನ್ನು ಬಿಚ್ಚುವ ಮೊದಲು ವಾಲ್ವಿನ ಪಿನ್ನನ್ನೇ ಕಿತ್ತು ಗಾಳಿ ಪೂರ್ತಿ ಬಿಡಬೇಕು. ಟಯರನ್ನು ಹಿಡಿದಿಡಲು ಸುತ್ತ ಲಾಕ್ ರಿಂಗ್ ಇರುವ ಲಾರಿ ಚಕ್ರಗಳಿಗೆ ಕಬ್ಬಿಣದ ಪಂಜರದೊಳಗೆ ಇಟ್ಟೇ ಗಾಳಿ ಹೊಡೆಯಬೇಕು.

ಇನ್ನೊಂದು ಮಾತು. ಜೀಪಿನ ಎಡಗಡೆ ಚಕ್ರಗಳ ಐದು ನಟ್ಟುಗಳು ಲೆಫ್ಟ್ ಥ್ರೆಡ್, ಅಂದರೆ ತಿರುಪಿನ ಸುತ್ತು ಉಲ್ಟಾ. ಅವು ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಗೊತ್ತಿಲ್ಲದವರು ಪೈಪ್ ಹಾಕಿ ಬಲವಾಗಿ ಎಡಕ್ಕೆ ತುಳಿದು ಸ್ಟಡ್ (ನಟ್ಟು ಕೂರುವ ಬೋಲ್ಟು) ಮುರಿಯುತ್ತಾರೆ.

ಥ್ರೆಡ್ಡಿನ ಮಾತು ಬಂತು. ಇದು ನನ್ನ ಜಾಗ, ಎರಡು ಮಾತು ಜಾಸ್ತಿ ಆದರೆ ಕ್ಷಮಿಸಿ. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವ್ಹಿಟ್‌ವರ್ತ್ 1841ರಲ್ಲಿ ಸೂಚಿಸಿದ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕದ್ದು 60 ಡಿಗ್ರಿ. ಅರ್ಧ ಇಂಚಿನ ಬೋಲ್ಟು ತಗೊಳ್ಳಿ. ವ್ಹಿಟ್‌ವರ್ತ್‌ನಲ್ಲಿ ಇಂಚಿಗೆ 12 ಸುತ್ತು, ಅಮೆರಿಕದ ದಪ್ಪ ಥ್ರೆಡ್ಡಿನಲ್ಲಿ 13 ಸುತ್ತು. ಇದರ ನಟ್ಟು ಅದಕ್ಕೆ ಒಂದೆರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತದೆ. ಜೋರು ಮಾಡಿದರೆ ಎರಡೂ ಹಾಳು. ಎರಡನೇ ಮಹಾಯುದ್ಧದಲ್ಲಿ ಮಿತ್ರದೇಶಗಳು ಒಬ್ಬರ ಯಂತ್ರಕ್ಕೆ ಇನ್ನೊಬ್ಬರ ಬೋಲ್ಟು ಕೂರದೆ ಸಾಕಷ್ಟು ಒದ್ದಾಡಿದವು. ಅಮೆರಿಕ, ಬ್ರಿಟನ್, ಕೆನಡಾ ಮೂರೂ ಸೇರಿ 60 ಡಿಗ್ರಿಯ ಒಂದೇ ಥ್ರೆಡ್ಡಿಗೆ ಸಹಿ ಹಾಕಿದ್ದು 1948ರಲ್ಲಿ. ಆದ್ದರಿಂದ ಹಳೆ ಗಾಡಿ ಯಾವ ದೇಶದ್ದು ಎಂದು ತಿಳಿಯದೆ ಸ್ಪ್ಯಾನರ್ ಎತ್ತಬೇಡಿ. ಅಮೆರಿಕದ ಗಾಡಿಗೆ ಇಂಚಿನ ಸೆಟ್, ಆ ಕಾಲದ ಬ್ರಿಟಿಷ್ ಗಾಡಿಗೆ ವ್ಹಿಟ್‌ವರ್ತ್ ಸೆಟ್. ಮಿಲಿಮೀಟರ್ ಸ್ಪ್ಯಾನರ್ ಹತ್ತಿರ ಹತ್ತಿರ ಕೂರುತ್ತದೆ ಎಂದು ಹಾಕಿದರೆ ನಟ್ಟಿನ ಮೂಲೆ ಉರುಟಾಗುತ್ತದೆ. ನಾನು ಎಲ್ಲ ಬೋಲ್ಟಿಗೂ ಮೊದಲು ಥ್ರೆಡ್ ಗೇಜ್ ಇಟ್ಟು ನೋಡುತ್ತೇನೆ. ಪ್ರಾಯದ ಹುಡುಗರಿಗೆ ಇದು ನಿಧಾನ ಅನಿಸುತ್ತದೆ.

ಇನ್ನು ಇಂಜಿನ್. ಲೇಖನದಲ್ಲಿ ಒಬ್ಬರು ಜೀಪಿಗೆ ಹೊಸ ಡೀಸೆಲ್ ಇಂಜಿನ್ ಕೂರಿಸಿದ್ದನ್ನು ಹೊಗಳಿದ್ದೀರಿ. ಅವರ ಗಾಡಿ, ಅವರ ಇಷ್ಟ. ಆದರೆ ಅದನ್ನು ಜೀರ್ಣೋದ್ಧಾರ ಎನ್ನಬೇಡಿ. ಅಸಲಿ ಇಂಜಿನ್ 2,199 ಸಿಸಿ, ನಾಲ್ಕು ಸಿಲಿಂಡರು, ಶಕ್ತಿ 60 ಕುದುರೆ. ವಾಲ್ವುಗಳು ತಲೆಯ ಮೇಲಿಲ್ಲ, ಸಿಲಿಂಡರ್ ಪಕ್ಕದಲ್ಲಿವೆ. ಹೆಡ್ ಎತ್ತಿದರೆ ಪಿಸ್ಟನ್ನೂ ವಾಲ್ವೂ ಕಣ್ಣೆದುರಿಗೇ. ಕಿಡಿಗೆಂದು ಕರೆಂಟ್ ಕಡಿಯುವ ಪಾಯಿಂಟಿನ ಸಂದು 0.020 ಇಂಚು, ಸ್ಪಾರ್ಕ್ ಪ್ಲಗ್ ಸಂದು 0.030 ಇಂಚು, ಸಿಲಿಂಡರುಗಳು ಉರಿಯುವ ಕ್ರಮ 1-3-4-2. ಇಷ್ಟು ಗೊತ್ತಿದ್ದು ಸಂದು ಅಳೆಯುವ ಒಂದು ಫೀಲರ್ ಗೇಜ್ ಇದ್ದರೆ ರಸ್ತೆ ಬದಿಯಲ್ಲೇ ಅರ್ಧ ತೊಂದರೆ ಸರಿಮಾಡಬಹುದು. ಇದನ್ನು ಕಿತ್ತು ಗುಜರಿಗೆ ಹಾಕಿದ ಮೇಲೆ ಉಳಿಯುವುದು ಜೀಪಿನ ಅಂಗಿ ಮಾತ್ರ.

ಯುದ್ಧಕಾಲದ ಜೀಪಿನ ಕರೆಂಟ್ 6 ವೋಲ್ಟು. ಸೆಲ್ಫ್ ನಿಧಾನ ತಿರುಗುತ್ತದೆ ಎಂದು ದೂರಿ ಎಲ್ಲರೂ 12 ವೋಲ್ಟಿಗೆ ಬದಲಾಯಿಸುತ್ತಾರೆ. ತಪ್ಪು 6 ವೋಲ್ಟಿನದಲ್ಲ, ಬ್ಯಾಟರಿಯ ವೈರಿನದು. ಅಷ್ಟೇ ಶಕ್ತಿಗೆ 6 ವೋಲ್ಟಿನಲ್ಲಿ ಎರಡು ಪಟ್ಟು ಕರೆಂಟ್ ಹರಿಯಬೇಕು. ಅದೇ ವೈರಿನಲ್ಲಿ ಕರೆಂಟ್ ಎರಡು ಪಟ್ಟಾದರೆ ಬಿಸಿಯಾಗಿ ಪೋಲಾಗುವ ಶಕ್ತಿ ನಾಲ್ಕು ಪಟ್ಟು. ಈಗ ಸುಲಭವಾಗಿ ಸಿಗುವುದು 12 ವೋಲ್ಟ್ ಕಾರಿನ ಸಪೂರ ಕೇಬಲ್. ಅದನ್ನೇ ತಂದು ಹಾಕಿ 6 ವೋಲ್ಟನ್ನು ಬೈಯುತ್ತಾರೆ. ಹೆಬ್ಬೆರಳ ದಪ್ಪದ ಕೇಬಲ್ ಹಾಕಿ. ಅರ್ತಿಂಗ್ ವೈರು ಗಾಡಿಯ ಮೈಗೆ ಸೇರುವ ಜಾಗದ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹದ ಮೇಲೆ ಬಿಗಿಯಿರಿ. ನನ್ನ ಜೀಪು ಅರೆಕ್ಷಣದಲ್ಲಿ ಸ್ಟಾರ್ಟ್ ಆಗುತ್ತದೆ. 1950ರ ನಂತರದ ಎಂ38 ಜೀಪಿಗೆ ಸೈನ್ಯವೇ 24 ವೋಲ್ಟ್ ಕೊಟ್ಟಿತು, ಅದರ ವೈರಿಂಗೇ ಬೇರೆ. ಎರಡನ್ನೂ ಒಂದೇ ಎಂದು ಬಿಚ್ಚಬೇಡಿ.

ಬಣ್ಣ ತೆಗೆಯುವಾಗಲೂ ಅವಸರ ಬೇಡ. ಜೀಪಿನ ಬಾನೆಟ್ ಎರಡೂ ಬದಿಗೆ ಸೈನ್ಯದ ನೋಂದಣಿ ಸಂಖ್ಯೆ ಬರೆದಿರುತ್ತಿದ್ದರು. ಈ ಬಗೆಯ ಜೀಪಿನ ಸಂಖ್ಯೆ ಶುರುವಾಗುವುದು 20ರಿಂದ. ಆಮೇಲೆ ಕೈ ಬದಲಾದಂತೆ ಒಂದರ ಮೇಲೊಂದು ಬಣ್ಣ ಬಿದ್ದಿರುತ್ತದೆ. ತೆಳು ಎಮರಿ ಕಾಗದ ನೀರಲ್ಲಿ ಅದ್ದಿ ಪದರ ಪದರವಾಗಿ ಉಜ್ಜುತ್ತ ಹೋದರೆ ಎಷ್ಟೋ ಸಲ ಹಳೆ ಅಂಕಿ ಮೇಲೆ ಬರುತ್ತದೆ. ನನ್ನದರಲ್ಲಿ ಮೊದಲ ನಾಲ್ಕು ಅಂಕಿ ಸಿಕ್ಕವು, ಉಳಿದವು ಯಾರದೋ ವೆಲ್ಡಿಂಗಿನಲ್ಲಿ ಸುಟ್ಟುಹೋಗಿವೆ. ಬಣ್ಣ ಕೀಳಲು ಗಾಳಿಯ ಒತ್ತಡದಲ್ಲಿ ಮರಳು ಹೊಡೆಸಿದ್ದರೆ ಆ ನಾಲ್ಕೂ ಇರುತ್ತಿರಲಿಲ್ಲ. ಲೇಖನದಲ್ಲಿ ಹೊಳೆಯುವ ಆ ಮೂರೂ ಜೀಪುಗಳಿಗೆ ಮರಳು ಹೊಡೆಸಿದ್ದಾರೆ ಎಂದು ಓದಿ ಸಂಕಟವಾಯಿತು. ಒದ್ದೆ ಉಜ್ಜಲು ಇನ್ನೊಂದು ಕಾರಣವೂ ಇದೆ. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ. ಒಣ ಧೂಳು ಹಾರಿಸಿದರೆ ಅದು ನಿಮ್ಮ ಹೊಟ್ಟೆಗೂ ಮಕ್ಕಳ ಹೊಟ್ಟೆಗೂ ಹೋಗುತ್ತದೆ.

ಕತ್ತಲಲ್ಲಿ ಹೊಳೆಯಲೆಂದು ಕೆಲವು ಹಳೆ ಸೈನಿಕ ವಾಹನಗಳ ಡಯಲ್‌ಗಳಿಗೆ ರೇಡಿಯಂ ಬೆರೆತ ಬಣ್ಣ ಬಳಿದಿರುತ್ತಾರೆ. ಈಗ ಹೊಳೆಯುವುದಿಲ್ಲ, ಹಾಗಾಗಿ ಸತ್ತಿದೆ ಎಂದುಕೊಳ್ಳಬೇಡಿ. ಸತ್ತಿರುವುದು ಬೆಳಕು ಕೊಡುವ ಸತುವಿನ ಪುಡಿ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಡಯಲಿನ ಗಾಜು ತೆಗೆಯುವುದು, ಮುಳ್ಳು ಕೆರೆಯುವುದು ಮಾಡಬೇಡಿ. ಗಾಜು ಒಡೆದಿದ್ದರೆ ಮೀಟರನ್ನು ಚೀಲದಲ್ಲಿ ಮುಚ್ಚಿಟ್ಟು ತಿಳಿದವರನ್ನು ಕೇಳಿ.

ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಓಡಿಸಿ. ಬಟ್ಟೆ ಹೊದಿಸಿ ನಿಲ್ಲಿಸಬೇಡಿ. ನಿಂತರೆ ಆಯಿಲ್ ಸೀಲ್ ಒಣಗುತ್ತದೆ, ಕ್ಲಚ್ ಪ್ಲೇಟ್ ಅಂಟಿಕೊಳ್ಳುತ್ತದೆ, ಟಯರ್ ಒಂದೇ ಕಡೆ ಚಪ್ಪಟೆಯಾಗುತ್ತದೆ. ಇಂಜಿನ್ ನಿಂತಾಗ ಕೆಲವು ವಾಲ್ವ್ ತೆರೆದೇ ಇರುತ್ತವೆ. ಆ ದಾರಿಯಲ್ಲಿ ತೇವ ಇಳಿದು ಸಿಲಿಂಡರ್ ಗೋಡೆಗೆ ತುಕ್ಕು ಹಿಡಿಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ತೇವ ಎಳೆದುಕೊಳ್ಳುತ್ತದೆ, ಹಳೆ ಕಾಲದ ರಬ್ಬರ್ ಪೈಪನ್ನೂ ಪೆಟ್ರೋಲ್ ಪಂಪಿನ ಪರದೆಯನ್ನೂ ಕೆಡಿಸುತ್ತದೆ. ಅವನ್ನು ಎಥನಾಲ್ ತಡೆಯುವ ರಬ್ಬರಿಗೆ ಬದಲಾಯಿಸಿ. ಜೀಪಿನ ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೇ. ಸುಮಾರು 57 ಲೀಟರ್ ಮೇಲೆ ನೀವು ಕೂತಿರುತ್ತೀರಿ. ಟ್ಯಾಂಕಿಗೆ ತೇಪೆ ಹಾಕುವವರು ಇದನ್ನು ನೆನಪಿಡಬೇಕು. ಬೆಂಕಿ ಆರಿಸುವ ಸಿಲಿಂಡರ್ ಒಂದು ಕೈಗೆ ಸಿಗುವಂತೆ ಇರಲಿ.

ಗಟ್ಟಿ ರಸ್ತೆಯಲ್ಲಿ ನಾಲ್ಕು ಚಕ್ರದ ಗೇರ್ ಹಾಕಿ ತೋರಿಸಿಕೊಳ್ಳಬೇಡಿ. ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ (ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡಬೇಕು. ಮಣ್ಣಿನಲ್ಲಾದರೆ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಆಗದೆ ಶಾಫ್ಟುಗಳು ಹುರಿಗೊಂಡು ಗೇರ್ ಸವೆಯುತ್ತದೆ.

ಜೀಪಿನ ಮೇಲೆಯೇ ಎಲ್ಲರ ಕಣ್ಣು. ಲಾರಿಗಳನ್ನು ಕೇಳುವವರಿಲ್ಲ ಎನ್ನುವುದು ನನ್ನ ಇನ್ನೊಂದು ಬೇಸರ. ಜಿಎಂಸಿ ಕಂಪನಿಯ ಎರಡೂವರೆ ಟನ್ ಲಾರಿ 5 ಲಕ್ಷಕ್ಕೂ ಹೆಚ್ಚು ತಯಾರಾಯಿತು. 1944ರ ಆಗಸ್ಟ್ 25ರಿಂದ ನವೆಂಬರ್ 16ರವರೆಗೆ ಫ್ರಾನ್ಸಿನಲ್ಲಿ ‘ರೆಡ್ ಬಾಲ್ ಎಕ್ಸ್‌ಪ್ರೆಸ್’ ಎಂದು ಹಗಲು ರಾತ್ರಿ ಸಾಮಾನು ಸಾಗಿಸಿದ್ದು ಹೆಚ್ಚಾಗಿ ಇವೇ. ಆ ಡ್ರೈವರುಗಳಲ್ಲಿ ಮುಕ್ಕಾಲು ಪಾಲು ಕಪ್ಪು ಅಮೆರಿಕನ್ನರು. ಅವರದೇ ಸೈನ್ಯ ಅವರನ್ನು ಬೇರೆ ತುಕಡಿಗಳಲ್ಲಿ ಇಟ್ಟಿತ್ತು. ಪೆಟ್ರೋಲ್, ಮದ್ದುಗುಂಡು, ಊಟ ಎಲ್ಲ ಅವರು ತಂದರೆ ಮಾತ್ರ ಮುಂಚೂಣಿಯ ಸೈನಿಕರು ಮುಂದೆ ಹೋಗಲು ಆಗುತ್ತಿತ್ತು. ಇಂಥ ಲಾರಿ ಸಿಕ್ಕರೆ ಇಡಲು ಜಾಗ ಬೇಕು, ಎತ್ತಲು ಜನ ಬೇಕು, ನಿಜ. ನಾಲ್ಕು ಜನ ಸೇರಿ ಒಂದು ಉಳಿಸಬಹುದು. ಜೀಪಿನ ಮೇಲೆ ಆಟಿಕೆ ಮೆಷಿನ್ ಗನ್ ಕೂರಿಸಿ ಫೋಟೊ ತೆಗೆಸುವುದು ಮಾತ್ರ ನನಗೆ ಸೇರುವುದಿಲ್ಲ. ನಿಮ್ಮ ಪುಟದಲ್ಲೂ ಅಂಥದ್ದೊಂದು ಇತ್ತು. ಮಕ್ಕಳು ಹತ್ತಿ ಆಡುತ್ತಿದ್ದರು. ಜೀಪಿನಲ್ಲಿ ಸ್ಟ್ರೆಚರ್ ಕಟ್ಟಿ ಗಾಯಗೊಂಡವರನ್ನೂ ಸಾಗಿಸಿದ್ದಾರೆ. ಅದನ್ನು ಯಾಕೆ ಯಾರೂ ಕಟ್ಟಿ ತೋರಿಸುವುದಿಲ್ಲವೋ.

ನಿಮ್ಮ ಓದುಗರಲ್ಲಿ ಯಾರಾದರೊಬ್ಬರ ಹಿತ್ತಲಲ್ಲಿ, ತೋಟದ ಮೂಲೆಯಲ್ಲಿ ಇಂಥ ಗಾಡಿ ನಿಂತಿರಬಹುದು. ಗುಜರಿಯವರನ್ನು ಕರೆಯುವ ಮೊದಲು ಸ್ವಲ್ಪ ತಡೆಯಿರಿ. ಡ್ಯಾಶ್‌ಬೋರ್ಡಿನಲ್ಲಿ ಗಾಡಿಯ ವಿವರ ಬರೆದ ಪುಟ್ಟ ತಗಡುಗಳ ಫೋಟೊ ತೆಗೆಯಿರಿ. ಚಾಸಿಯ ಮುಂದಿನ ತುದಿಯಲ್ಲಿ, ಬಂಪರ್ ಹಿಂದೆ ಎಡಗಡೆ ಒಳಮೈಯಲ್ಲಿ ಸಂಖ್ಯೆ ಇದೆಯೇ ನೋಡಿ. ಚಕ್ರ ಮಣ್ಣಿಗೆ ತಾಗದಂತೆ ಮರದ ದಿಮ್ಮಿ ಮೇಲೆ ಎತ್ತಿಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು ಕೆಲವು ದಿನ ನೆನೆಯಲು ಬಿಡಿ. ಆಮೇಲೆ ಇಂಜಿನ್ ಕೈಯಿಂದ ತಿರುಗಿಸುವ ಮುಂದಿನ ಹ್ಯಾಂಡಲ್ ಹಾಕಿ ಮೆಲ್ಲಗೆ ಆಚೆ ಈಚೆ ಆಡಿಸಿ. ಓಡುತ್ತದೋ ನೋಡೋಣ ಎಂದು ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯಬೇಡಿ. ಅಂಟಿದ ಪಿಸ್ಟನ್ ರಿಂಗ್ ಮುರಿಯುವುದೂ ವಾಲ್ವ್ ಬಾಗುವುದೂ ಆ ಒಂದು ಗಳಿಗೆಯಲ್ಲೇ.

ಪತ್ರ ಉದ್ದವಾಗಿದೆ, ಗೊತ್ತು. ಜಾಗ ಸಾಲದಿದ್ದರೆ ಬ್ಯಾಂಟಮ್ ಕಥೆ ತೆಗೆಯಿರಿ, ವ್ಹಿಟ್‌ವರ್ತನನ್ನೂ ಬೇಕಾದರೆ ತೆಗೆಯಿರಿ, ಬೇಜಾರಿಲ್ಲ. ರಿಮ್ಮಿನ ಆ ಎಂಟು ನಟ್ಟಿನ ವಿಷಯ ಮಾತ್ರ ಒಂದು ಸಾಲೂ ಬಿಡದೆ ಹಾಕಿ. ಸಾಧ್ಯವಾದರೆ ಪಕ್ಕದಲ್ಲಿ ಒಂದು ಚಿತ್ರವೂ ಇರಲಿ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಟರ್ನರ್